ನಿತ್ಯದ ವಸ್ತುಗಳಲ್ಲಿ ಸೂಕ್ಷ್ಮಾಣು ಜೀನ್‌ಗಳ ಶೋಧ

ಮನೆ, ಮಾರುಕಟ್ಟೆ, ಕಾರ್ಖಾನೆಗಳ ಸಾಮಾನ್ಯ ವಸ್ತುಗಳ ಮೇಲಿನ ಸೂಕ್ಷ್ಮಾಣುಗಳನ್ನು ಜಾಲಾಡಿ, ಔಷಧಕ್ಕೋ ಉದ್ಯಮಕ್ಕೋ ಒದಗುವ ಜೀನ್‌ಗಳನ್ನು ಹೆಕ್ಕುವ ಕೆಲಸವಿದು. ಜೀನ್ ಓದುವ ಯಂತ್ರಗಳು ಬರುವ ಮೊದಲೇ ಇದಕ್ಕೆ ಪೀಠಿಕೆ ಬಿದ್ದಿತ್ತು. 1943ರಲ್ಲಿ ಅಮೆರಿಕದ ಪಿಯೋರಿಯಾದ ಪ್ರಯೋಗಾಲಯಕ್ಕೆ ಬಂದ ಬೂಷ್ಟು ಹಿಡಿದ ಕರ್ಬೂಜ ಹಣ್ಣಿನಲ್ಲಿ, ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್‌ರ ಬೂಷ್ಟಿಗಿಂತ ಬಹಳ ಹೆಚ್ಚು ಆ ಔಷಧ ಕೊಡುವ ತಳಿ ಸಿಕ್ಕಿತು.

ಇನ್ನೊಂದು ಉದಾಹರಣೆ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ. ಅದರ ಹೆಸರೆತ್ತಿದೊಡನೆ ಎಲ್ಲರೂ ನೆನೆಯುವುದು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಗಳನ್ನು. ಈ ಬ್ಯಾಕ್ಟೀರಿಯಾವನ್ನು 1969ರಲ್ಲಿ ವರ್ಣಿಸಿದ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್, ಇಂಡಿಯಾನಾದ ಬಿಸಿನೀರಿನ ನಲ್ಲಿಯಿಂದಲೂ ಅದನ್ನು ಬೆಳೆಸಿದ್ದರು. ಲಾಂಡ್ರಿ ಮತ್ತು ಮನೆಗಳ ನೀರು ಕಾಯಿಸುವ ಹಂಡೆಗಳಲ್ಲೂ ಶಾಖಪ್ರಿಯ ಬ್ಯಾಕ್ಟೀರಿಯಾಗಳಿವೆ ಎಂದು ಬ್ರಾಕ್ 1973ರಲ್ಲಿ ತೋರಿಸಿದರು. ಥರ್ಮಸ್‌ನ ಶಾಖ ತಾಳುವ ಟ್ಯಾಕ್ ಕಿಣ್ವವಿಲ್ಲದಿದ್ದರೆ, ಡಿಎನ್ಎಯ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಇಷ್ಟು ಸುಲಭವಾಗುತ್ತಿರಲಿಲ್ಲ.

ಈ ಚರಿತ್ರೆಯ ಅತಿ ಪ್ರಸಿದ್ಧ ಅಧ್ಯಾಯ ನಡೆದದ್ದು ಜಪಾನಿನ ಸಕಾಯ್ ನಗರದಲ್ಲಿ. ಅಲ್ಲಿನ ಪ್ಲಾಸ್ಟಿಕ್ ಬಾಟಲಿ ಮರುಬಳಕೆ ಘಟಕದ ಪರಿಸರದಿಂದ ಕೊಹೆಯ್ ಒಡ, ಕೆಂಜಿ ಮಿಯಾಮೊಟೊ ಮುಂತಾದವರ ತಂಡ ಮಣ್ಣು, ಹೂಳು, ಕೊಳಚೆನೀರು ಎಂದು 250 ಮಾದರಿ ಒಟ್ಟುಮಾಡಿತು. ಪ್ರತಿಯೊಂದಕ್ಕೂ ಬಾಟಲಿಯ ಪ್ಲಾಸ್ಟಿಕ್ಕಾದ ಪೆಟ್‌ನ ತೆಳ್ಳಗಿನ ಹಾಳೆಯ ಚೂರನ್ನೇ ಮುಖ್ಯ ಆಹಾರವಾಗಿ ಇಟ್ಟು ಕಾದರು. ಒಂದು ಹೂಳಿನ ಮಾದರಿಯಲ್ಲಿ ಸೂಕ್ಷ್ಮಾಣುಗಳ ಗುಂಪೊಂದು ಹಾಳೆಗೆ ಅಂಟಿಕೊಂಡು ಅದನ್ನು ಸವೆಸತೊಡಗಿತು. ಅದರಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಇಡಿಯೋನೆಲ್ಲಾ ಸಕಾಯೆನ್ಸಿಸ್ ಎಂದು ಹೆಸರಿಟ್ಟರು. ಅದರ ಜೀನೋಮ್ ಓದಿದಾಗ ಎರಡು ಕಿಣ್ವಗಳ ಜೀನ್‌ಗಳು ಸಿಕ್ಕವು. ಮೊದಲನೆಯದಾದ ಪೆಟೇಸ್ ಪ್ಲಾಸ್ಟಿಕ್ಕಿನ ಸರಪಳಿ ಕಡಿಯುತ್ತದೆ. ಎರಡನೆಯದಾದ ಎಂಹೆಟೇಸ್ ಆ ತುಣುಕುಗಳನ್ನು ಟೆರೆಫ್ತಾಲಿಕ್ ಆಮ್ಲ ಮತ್ತು ಎಥಿಲೀನ್ ಗ್ಲೈಕಾಲ್ ಆಗಿ ಒಡೆಯುತ್ತದೆ. ವರದಿ 2016ರ ಮಾರ್ಚ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಪತ್ರಿಕೆಗಳು ಪ್ಲಾಸ್ಟಿಕ್ ಸಮಸ್ಯೆ ಮುಗಿದೇಹೋಯಿತು ಎಂಬಂತೆ ಬರೆದವು. ಅದು ಉತ್ಪ್ರೇಕ್ಷೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆಳು ಹಾಳೆ ಕರಗಲು ಸುಮಾರು 6 ವಾರ ಹಿಡಿಯಿತು. ಅದೂ ಸಡಿಲ ರಚನೆಯ ಹಾಳೆ. ನಾವು ಬಿಸಾಡುವ ಬಾಟಲಿಯ ಗಟ್ಟಿ ಹರಳುರಚನೆ ಈ ಬ್ಯಾಕ್ಟೀರಿಯಾಕ್ಕೆ ಸುಲಭದ ತುತ್ತಲ್ಲ.

ಉದ್ಯಮಕ್ಕೆ ಹೆಚ್ಚು ಒದಗಿದ್ದು ಇನ್ನೊಂದು ಜೀನ್. 2012ರಲ್ಲಿ ಜಪಾನಿನ ತಂಡವೊಂದು ಎಲೆ, ಕೊಂಬೆಗಳ ಗೊಬ್ಬರದಿಂದ ನೇರವಾಗಿ ಡಿಎನ್ಎ ತೆಗೆದು ಎಲ್‌ಸಿಸಿ ಎಂಬ ಕಿಣ್ವದ ಜೀನನ್ನು ಪತ್ತೆಮಾಡಿತ್ತು. ಫ್ರಾನ್ಸಿನ ವಿಜ್ಞಾನಿಗಳು ಅದನ್ನು ತಿದ್ದಿ, 2020ರಲ್ಲಿ 72 ಡಿಗ್ರಿ ಶಾಖದಲ್ಲಿ, ಮೊದಲೇ ಸಂಸ್ಕರಿಸಿದ ಬಾಟಲಿ ಕಸದ ಶೇ 90ರಷ್ಟನ್ನು 10 ಗಂಟೆಯಲ್ಲಿ ಒಡೆದು ತೋರಿಸಿದರು. ಗೊಬ್ಬರದಿಂದ ಆ ಜೀನ್ ಪಡೆಯಲು ಮೂಲ ಬ್ಯಾಕ್ಟೀರಿಯಾವನ್ನು ಬೆಳೆಸುವ ಅಗತ್ಯವೇ ಬಿದ್ದಿರಲಿಲ್ಲ.