ಚಿತ್ರ ಬೇಡವೆಂದವರ ಚಿತ್ರಕಾರ್ತಿ

ತಮ್ಮ ಭಾವಚಿತ್ರವನ್ನು ತೆಗೆಸಿಕೊಳ್ಳಲು ಒಪ್ಪದ ಜನರ ಬದುಕನ್ನೇ ಚಿತ್ರಿಸಿ, ಅದನ್ನು ಮಾರಿ ಹೆಸರು ಹಣಗಳೆರಡನ್ನೂ ಗಳಿಸುವುದು ಉಚಿತವೇ? ಅಮೆರಿಕದ ಚಿತ್ರಕಲಾವಿದೆ ಪೆಟ್ರೀಷಿಯಾ ಬಕ್ಲಿ ಮಾಸ್ ಅವರ ಜೀವನವನ್ನು ಅವಲೋಕಿಸುವಾಗ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಮೊದಲು ಆ ಜನರನ್ನು ಅರಿಯಬೇಕು. ತಿಳಿವಳಿಕೆ ಬಂದ ಮೇಲೆ ಸ್ವಇಚ್ಛೆಯಿಂದ ಪಡೆದ ಜ್ಞಾನಸ್ನಾನವೇ ಸಲ್ಲುವುದೆಂದು 1525ರಲ್ಲಿ ಜೂರಿಕ್ ನಗರದಲ್ಲಿ ಸಾರಿದ ಕ್ರೈಸ್ತರು ಘೋರ ಹಿಂಸೆಗೆ ಗುರಿಯಾದರು. ಅವರ ಪರಂಪರೆಯಲ್ಲಿ 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಹಿರಿಯರನ್ನು ಅನುಸರಿಸಿ ಬೇರೆಯಾದವರೇ ಆಮಿಷ್ ಜನರು. 18ನೆಯ ಶತಮಾನದಲ್ಲಿ ಅವರು ಪೆನ್ಸಿಲ್ವೇನಿಯಾಕ್ಕೆ ಬಂದು ನೆಲಸಿದರು. ಅವರು ಶಸ್ತ್ರ ಹಿಡಿಯುವುದಿಲ್ಲ. ಇಂದಿಗೂ ಕುದುರೆಗಾಡಿಯಲ್ಲಿ ಸಂಚರಿಸುತ್ತಾರೆ. 8ನೆಯ ತರಗತಿಯ ಅನಂತರ ಮಕ್ಕಳನ್ನು ಶಾಲೆಗೆ ಕಳುಹಿಸದೆ ಹೊಲಮನೆಗಳಲ್ಲಿಯೇ ಬೆಳೆಸುವ ಅವರ ಹಕ್ಕನ್ನು 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಬೈಬಲ್ಲಿನ ವಿಗ್ರಹನಿಷೇಧವನ್ನೂ ವಿನಯವನ್ನೂ ಮುಂದಿಟ್ಟು ಅವರು ಭಾವಚಿತ್ರವನ್ನು ನಿರಾಕರಿಸುತ್ತಾರೆ. ಅವರ ಮಕ್ಕಳು ಆಡುವ ಸಾಂಪ್ರದಾಯಿಕ ಬಟ್ಟೆಯ ಗೊಂಬೆಗೂ ಕಣ್ಣು, ಮೂಗು, ಬಾಯಿಗಳಿಲ್ಲ.

ಮಾಸ್ ಅವರು 1933ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರಿಗೆ ಓದುವುದು ಅತಿ ಕಷ್ಟವಾಗಿತ್ತು. ಅದು ಡಿಸ್ಲೆಕ್ಸಿಯಾ ಎಂಬ ನ್ಯೂನತೆಯೆಂದು ಅಂದು ಯಾರೂ ಗುರುತಿಸಲಿಲ್ಲ. ಶಾಲೆಯಲ್ಲಿ ಅವರನ್ನು ಮಂದಮತಿಯೆಂದೇ ಎಣಿಸಿದರು. ಅಕ್ಷರವು ಕೈಕೊಟ್ಟ ಬಾಲಕಿಯನ್ನು ರೇಖೆಯು ಕೈಹಿಡಿಯಿತು. ಮುಂದೆ ಅವರು ಕೂಪರ್ ಯೂನಿಯನ್ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ಕಲೆಯನ್ನು ಅಭ್ಯಸಿಸಿದರು. 1964ರಲ್ಲಿ ಸಂಸಾರಸಮೇತ ವರ್ಜೀನಿಯಾದ ವೇನ್ಸ್‌ಬರೋ ಊರಿಗೆ ಬಂದಾಗ, ಶೆನಂಡೋವಾ ಕಣಿವೆಯ ಮೆನ್ನೋನೈಟರು ಮತ್ತು ಆಮಿಷರ ಗ್ರಾಮಜೀವನವು ಅವರ ಕಲೆಗೆ ವಸ್ತುವಾಯಿತು. ಎಲೆಯುದುರಿದ ಮರಗಳು, ಕಪ್ಪು ಗಾಡಿಗಳು, ಬಾತುಗಳು, ಟೊಪ್ಪಿಗೆ ಧರಿಸಿದ ಮಕ್ಕಳು, ಒಟ್ಟಾಗಿ ಕುಳಿತ ಕುಟುಂಬ: ಇವೇ ಅವರ ಚಿತ್ರಲೋಕ.

ಇನ್ನು ಮೊದಲಿನ ಪ್ರಶ್ನೆ. ಮಾಸ್ ಅವರು ಇಂಥವನೇ ಎಂದು ಗುರುತಿಸಬಹುದಾದ ವ್ಯಕ್ತಿಯನ್ನು ಬಿಡಿಸಹೊರಡಲಿಲ್ಲ. ಸರಳಗೊಳಿಸಿದ ಆಕೃತಿಗಳಲ್ಲಿ ಒಂದು ಜೀವನಕ್ರಮವನ್ನು ಬಿಡಿಸಿದರು. ಇದರಿಂದ ಆಕ್ಷೇಪವು ಹಗುರವಾಗುವುದೇ ಹೊರತು ಇಲ್ಲವಾಗುವುದಿಲ್ಲ. ಆಡಂಬರವನ್ನು ತೊರೆದವರ ಬದುಕು ಮಾರುಕಟ್ಟೆಯ ಸರಕಾದದ್ದು ನಿಜ. ಆದರೆ ಗಳಿಕೆಯ ನ್ಯಾಯವನ್ನು ಅದರ ಮೂಲದಿಂದ ಮಾತ್ರವಲ್ಲದೆ ವಿನಿಯೋಗದಿಂದಲೂ ಅಳೆಯಬೇಕಷ್ಟೆ. ಕಲಿಕೆಯಲ್ಲಿ ತೊಡಕುಳ್ಳ ಮಕ್ಕಳಿಗೆ ಕಲೆಯ ಮೂಲಕ ವಿದ್ಯೆ ದೊರೆಯಲೆಂದು 1995ರಲ್ಲಿ ಅವರ ಹೆಸರಿನಲ್ಲಿ ಪ್ರತಿಷ್ಠಾನವೊಂದು ಸ್ಥಾಪಿತವಾಯಿತು. ತಾವು ಬಾಲ್ಯದಲ್ಲಿ ಪಡೆಯದಿದ್ದ ಆಸರೆಯನ್ನು ಪರರ ಮಕ್ಕಳಿಗೆ ಒದಗಿಸಲು ಶ್ರಮಿಸಿದ ಅವರು 2024ರಲ್ಲಿ ನಿಧನರಾದರು.

ಉಳಿದ ಪ್ರಶ್ನೆಯು ಚಿತ್ರವನ್ನು ಕೊಂಡವರದು. ಸರಳ ಜೀವನದ ಚಿತ್ರವನ್ನು ಗೋಡೆಗೆ ತೂಗುಹಾಕಿದ ಮನೆಯಲ್ಲಿ ಆ ಸರಳತೆಯ ಒಂದಂಶವಾದರೂ ನೆಲಸಿತೇ ಎಂಬುದನ್ನು ಆಯಾ ಮನೆಯವರೇ ವಿಚಾರಿಸಿಕೊಳ್ಳಬೇಕು.