ಕೈಗಂಟಿದ ವಾಸನೆಯ ಚರಿತ್ರೆ

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಹಲವರಿದ್ದಾರೆ. ಅವರು ತಮ್ಮ ಮೊದಲ ವರ್ಷವನ್ನು ನೆನೆಯುವಾಗ ದಪ್ಪ ಪುಸ್ತಕಗಳನ್ನಾಗಲಿ ಪರೀಕ್ಷೆಯ ಭಯವನ್ನಾಗಲಿ ಮೊದಲು ಹೇಳುವುದಿಲ್ಲ. ಶವಚ್ಛೇದನ ಕೊಠಡಿಯ ವಾಸನೆಯನ್ನು ಹೇಳುತ್ತಾರೆ. ಎಷ್ಟು ತೊಳೆದರೂ ಬೆರಳಿನಿಂದ ಹೋಗದ, ಊಟದ ತುತ್ತಿನ ಜೊತೆಗೆ ಮೂಗಿಗೆ ಬರುವ ಆ ವಾಸನೆಗೂ ಒಂದು ಚರಿತ್ರೆಯಿದೆ. ನೀವು ಅದನ್ನು ತಿಳಿದಿರುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಶವವನ್ನು ಪರೀಕ್ಷಿಸಿ ಶರೀರವನ್ನು ಅರಿಯಬೇಕೆಂಬ ವಿಚಾರ ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಅದರ ವಿಧಾನವೇ ಇದೆ. ಶವವನ್ನು ಹುಲ್ಲು, ನಾರುಗಳಿಂದ ಸುತ್ತಿ, ಪಂಜರದಲ್ಲಿರಿಸಿ, ಹರಿಯುವ ನೀರಿನ ಮರೆಯಾದ ಸ್ಥಳದಲ್ಲಿ ಏಳು ರಾತ್ರಿ ಇಡಬೇಕು. ಅನಂತರ ಹೊರತೆಗೆದು ಲಾವಂಚ, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕು. ಕೊಳೆತ ಶರೀರದ ಮುಂದೆ ಕುಳಿತ ಆ ಶಿಷ್ಯರೂ ವಾಸನೆಯನ್ನು ಸಹಿಸಿಯೇ ವಿದ್ಯೆ ಪಡೆದಿರಬೇಕು. ಕಾಲಾಂತರದಲ್ಲಿ ಈ ಅಭ್ಯಾಸ ನಿಂತುಹೋಯಿತು. 1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಕತ್ತಿ ಹಿಡಿದಾಗ ನಮ್ಮ ದೇಶದ ಆಧುನಿಕ ಶವಚ್ಛೇದನದ ಅಧ್ಯಾಯ ತೆರೆಯಿತು.

ಆ ಕಾಲದ ವಾಸನೆಯೆಂದರೆ ಕೊಳೆತದ ವಾಸನೆ. ಅದು ಕೇವಲ ಅಸಹ್ಯವಲ್ಲ, ಅಪಾಯದ ಸೂಚನೆಯೂ ಆಗಿತ್ತೆಂಬುದನ್ನು ತೋರಿಸಿದವರು ವಿಯೆನ್ನಾದ ಆಸ್ಪತ್ರೆಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. ಅಲ್ಲಿ ಹೆರಿಗೆಯ ಎರಡು ವಿಭಾಗಗಳಿದ್ದವು. ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗಕ್ಕಿಂತ ವೈದ್ಯ ವಿದ್ಯಾರ್ಥಿಗಳಿದ್ದ ವಿಭಾಗದಲ್ಲಿ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ವಿದ್ಯಾರ್ಥಿಗಳು ಶವಚ್ಛೇದನ ಮುಗಿಸಿ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸಾಬೂನಿನಿಂದ ತೊಳೆದ ಮೇಲೂ ಅವರ ಕೈಯಲ್ಲಿ ಶವದ ವಾಸನೆ ಉಳಿದಿರುವುದನ್ನು ಸೆಮ್ಮೆಲ್‌ವೈಸ್ ಗಮನಿಸಿದರು. ವಾಸನೆ ಉಳಿದಿದ್ದರೆ ಶವದ ಅಂಶವೂ ಉಳಿದಿದೆ ಎಂಬುದು ಅವರ ತರ್ಕ. 1847ರ ಮೇ ತಿಂಗಳಿನಲ್ಲಿ, ಇಂದು ನಾವು ಬ್ಲೀಚಿಂಗ್ ಪುಡಿ ಎನ್ನುವ ವಸ್ತುವಿನ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ರೋಗಾಣುಗಳ ಸಿದ್ಧಾಂತ ಇನ್ನೂ ನೆಲೆಗೊಂಡಿರದ ದಿನಗಳಲ್ಲಿ ಸಾವಿರಾರು ತಾಯಂದಿರನ್ನು ಉಳಿಸುವ ದಾರಿಯನ್ನು ತೋರಿಸಿದ್ದು ಕೈಗಂಟಿದ ಒಂದು ವಾಸನೆ.

ಇಂದಿನ ಕೊಠಡಿಯ ವಾಸನೆ ಬೇರೆ, ಅದು ಫಾರ್ಮಲಿನ್ನಿನದು. ಫಾರ್ಮಾಲ್ಡಿಹೈಡ್ ಅನಿಲವನ್ನು ರಷ್ಯದ ಬಟ್ಲೆರೊವ್ 1859ರಲ್ಲಿ ವರ್ಣಿಸಿದರು. ಜರ್ಮನಿಯ ಹಾಫ್‌ಮನ್ 1867ರಲ್ಲಿ ಖಚಿತವಾಗಿ ಗುರುತಿಸಿದರು. ಅದನ್ನು ಕ್ರಿಮಿನಾಶಕವಾಗಿ ಪರೀಕ್ಷಿಸುತ್ತಿದ್ದ ಫರ್ಡಿನಾಂಡ್ ಬ್ಲೂಮ್ ಎಂಬ ವೈದ್ಯ ತನ್ನ ಬೆರಳಿನ ಚರ್ಮವೇ ಗಡುಸಾದುದನ್ನು ಕಂಡು, ಅಂಗಾಂಶಗಳನ್ನು ಕೆಡದಂತೆ ಇಡಲು ಇದು ತಕ್ಕದ್ದೆಂದು 1893ರಲ್ಲಿ ತಿಳಿಸಿದ. ಇಲ್ಲಿಯೂ ಪಾಠ ಹೇಳಿದ್ದು ಕೈಯೇ. ಈ ವಸ್ತು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಕೊಳೆಯುವಿಕೆಯನ್ನು ತಡೆಯುತ್ತದೆ. ಆದುದರಿಂದ ತಿಂಗಳುಗಟ್ಟಲೆ ಒಂದೇ ಶರೀರದ ಮೇಲೆ ಕಲಿಯುವುದು ಸಾಧ್ಯವಾಯಿತು.

ನಮ್ಮ ಜಿಲ್ಲೆಯ ಮನೆಗಳಿಗೆ ಈ ವಾಸನೆ ತಡವಾಗಿ ಬಂತು. ಏಕೀಕರಣದವರೆಗೆ ನಾವು ಮುಂಬಯಿಯ ಆಡಳಿತಕ್ಕೆ ಸೇರಿದ್ದೆವು. ಅಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜು 1845ರಷ್ಟು ಹಳೆಯದು. ಮುಂದೆ 1957ರಲ್ಲಿ ಹುಬ್ಬಳ್ಳಿಯಲ್ಲಿ, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜುಗಳಾದವು. ಓದಲು ಹೋದವರು ವಸತಿಗೃಹಗಳಲ್ಲಿರುತ್ತಿದ್ದರು. ವಾಸನೆಯೂ ಅಲ್ಲಿಯೇ ಉಳಿಯುತ್ತಿತ್ತು. 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು ನಮ್ಮ ನಗರದಲ್ಲಿಯೇ ಆರಂಭವಾದ ಮೇಲೆ ಮಕ್ಕಳು ಸಂಜೆ ಆ ವಾಸನೆಯೊಂದಿಗೆ ಮನೆಗೆ ಬರತೊಡಗಿದರು.

ಆಗ ಇಬ್ರಾಹಿಂಪುರದ ನಮ್ಮ ಓಣಿಯ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ನನ್ನಲ್ಲಿ ಕಲಿತ ಹುಡುಗಿಯೊಬ್ಬಳು ವೈದ್ಯಕೀಯಕ್ಕೆ ಸೇರಿದ್ದಳು. "ಹೆಣಾ ಮುಟ್ಟಿ ಬಂದಾಕಿ ಒಲಿ ಮುಂದ ಬರಬ್ಯಾಡ" ಎಂದು ಅವಳ ಅಜ್ಜಿ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಹುಡುಗಿ ಊಟ ಬಿಟ್ಟಳು. ಓದನ್ನೂ ಬಿಡುವ ಮಾತಾಡಿದಳು. ನಾನು ಅಜ್ಜಿಗೆ ಆ ವಾಸನೆ ಹೆಣದ್ದಲ್ಲ, ಔಷಧದ್ದು ಎಂದು ಬಿಡಿಸಿ ಹೇಳಿದೆ. ಅಜ್ಜಿ ಒಪ್ಪಿದರೋ ಇಲ್ಲವೋ ತಿಳಿಯದು; ಮರುದಿನದಿಂದ ಹಿತ್ತಲ ಬಚ್ಚಲಲ್ಲಿ ಬಿಸಿನೀರು, ಸೀಗೆಪುಡಿ, ಕಡಲೆಹಿಟ್ಟು ಮೊಮ್ಮಗಳಿಗಾಗಿ ಕಾಯುತ್ತಿದ್ದವು. ಆ ಹುಡುಗಿ ಓದು ಮುಗಿಸಿ ವೈದ್ಯೆಯಾದಳು.

ಅಜ್ಜಿಯ ಉಪಾಯದಲ್ಲಿ ವಿಜ್ಞಾನವೂ ಇತ್ತು. ಶವದ ಕೊಬ್ಬು ಉಗುರಿನ ಸಂದಿಯಲ್ಲಿ ಸೇರಿ ವಾಸನೆಯನ್ನು ಹಿಡಿದಿಡುತ್ತದೆ. ಜಿಡ್ಡನ್ನು ತೆಗೆಯುವುದೇ ಸೀಗೆ, ಕಡಲೆಹಿಟ್ಟುಗಳ ಕೆಲಸ. ಕೂದಲು ಮತ್ತು ಅರಿವೆಗಳು ಆವಿಯನ್ನು ಹೀರುತ್ತವೆ. ಆದ್ದರಿಂದ ಉಗುರು ಕತ್ತರಿಸಿರಬೇಕು, ಕೂದಲು ಕಟ್ಟಿ ಮುಚ್ಚಿರಬೇಕು, ಏಪ್ರನ್ನನ್ನು ಬೇರೆ ಚೀಲದಲ್ಲಿ ತಂದು ಬೇರೆಯಾಗಿಯೇ ಒಗೆದು ಬಿಸಿಲಿಗೆ ಹಾಕಬೇಕು. ಕೈಗವಸು ಇರಲೇಬೇಕು. ಸುಗಂಧದ್ರವ್ಯ ಸಿಂಪಡಿಸಿದರೆ ವಾಸನೆ ಮುಚ್ಚುವುದೇ ಹೊರತು ಹೋಗುವುದಿಲ್ಲ. ದಿನಕಳೆದಂತೆ ಮೂಗು ಒಗ್ಗಿಕೊಳ್ಳುತ್ತದೆ. ಆದರೆ ಒಗ್ಗಿದ ಮಾತ್ರಕ್ಕೆ ಎಚ್ಚರಿಕೆ ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಕೊಠಡಿಯಲ್ಲಿ ಗಾಳಿಯಾಡುವ ವ್ಯವಸ್ಥೆಯನ್ನು ಕೇಳುವುದು ವಿದ್ಯಾರ್ಥಿಯ ಹಕ್ಕು.

ಇನ್ನು ಆ ಮೇಜಿನ ಮೇಲಿರುವವರು ಯಾರು ಎಂಬುದನ್ನೂ ಮರೆಯಬಾರದು. ನಮ್ಮ ರಾಜ್ಯದ 1957ರ ಅಂಗರಚನಾಶಾಸ್ತ್ರ ಕಾಯಿದೆ, ವಾರಸುದಾರರಿಲ್ಲದ ಶವಗಳನ್ನು ಕಲಿಕೆಗೆ ಒದಗಿಸಲು ಅವಕಾಶ ಮಾಡಿತು. ಬದುಕಿದ್ದಾಗ ಯಾರಿಗೂ ಬೇಡವಾದ ಎಷ್ಟೋ ಜೀವಗಳು ಹೀಗೆ ಗುರುಗಳಾದವು. ತಾವಾಗಿಯೇ ದೇಹವನ್ನು ಕೊಟ್ಟವರೂ ಇದ್ದಾರೆ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರ ಇಚ್ಛೆಯಂತೆ, ಅವರ ಮಗ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ಬೆಳಗಾವಿಯಲ್ಲಿ ವಿದ್ಯಾರ್ಥಿಗಳ ಎದುರು ತಂದೆಯ ಶರೀರವನ್ನೇ ಛೇದಿಸಿ ಪಾಠ ಹೇಳಿದರು. ಸತ್ತ ತಂದೆಯನ್ನು ಮುಟ್ಟಿ ಮೈಲಿಗೆಯೆಂದು ಮೀಯುವ ಸಮಾಜದಲ್ಲಿ ಇದು ಸಣ್ಣ ಧೈರ್ಯವಲ್ಲ.

ಬಂಧುಗಳೇ, ನಿಮ್ಮ ಮನೆಯ ಮಗ ಅಥವಾ ಮಗಳು ಆ ವಾಸನೆ ಹೊತ್ತು ಬಂದರೆ ಮೂಗು ಮುಚ್ಚಿಕೊಳ್ಳಬೇಡಿರಿ. ಬಚ್ಚಲಲ್ಲಿ ಬಿಸಿನೀರು ಇಡಿರಿ. ಮುಂದೆ ನಿಮ್ಮ ನಾಡಿ ಹಿಡಿಯುವ ಕೈ ಅದು.