ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬರೀ ಮೂರೂವರೆ ಗಂಟೆಯೇ?

“ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆ 5.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ! ಭೂಮಿ ತಿರುಗುವುದರಿಂದಲೇ ಇದು ಸಾಧ್ಯ!” ಟಿಕೆಟ್‌ನ ಫೋಟೊ ಹಾಕಿ ಹೀಗೊಂದು ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಟಿಕೆಟ್‌ನಲ್ಲಿರುವ ಸಮಯ ಸರಿಯಾಗಿಯೇ ಇದೆ. ಒಂದರಿಂದ ಇನ್ನೊಂದನ್ನು ಕಳೆದದ್ದು ತಪ್ಪು. ನೇರ ವಿಮಾನವಾದರೂ ಈ ಪ್ರಯಾಣಕ್ಕೆ ಹತ್ತಿರಹತ್ತಿರ 17 ಗಂಟೆ ಬೇಕು.

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಹನ್ನೆರಡೂವರೆ ಗಂಟೆ. ಅಂದರೆ ಚಳಿಗಾಲದಲ್ಲಿ ಅಲ್ಲಿ ಸಂಜೆ 5.30 ಆದಾಗ ಇಲ್ಲಿ ಮರುದಿನ ಬೆಳಗ್ಗೆ 7. ಈಗ ಬೆರಳೆಣಿಸಿ ನೋಡಿ, ಮಧ್ಯಾಹ್ನ 2ರಿಂದ ಬೆಳಗ್ಗೆ 7ರವರೆಗೆ 17 ಗಂಟೆ. ವಾಪಸ್ ಬರುವಾಗ ಇದು ಉಲ್ಟಾ. ಸೋಮವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟವರು ಇಲ್ಲಿ ಇಳಿಯುವುದು ಬುಧವಾರ ಬೆಳಗಿನ ಜಾವ 3.30ಕ್ಕೆ. ಮಂಗಳವಾರ ಬಂದು ಹೋದದ್ದೇ ಗೊತ್ತಾಗುವುದಿಲ್ಲ!

ದೂರ ಎಷ್ಟು?

ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಪೆಸಿಫಿಕ್ ಸಾಗರ ನಡುವೆ ಬರುವಂಥ ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಆ ಸಾಗರದ ಮೇಲೆ ಹೋಗುತ್ತದೆ. ಆದರೆ ನೋಡಲು ನೇರವಾಗಿರುವ ಆ ದಾರಿಯೇ ಉದ್ದ, ಸುಮಾರು 16,000 ಕಿ.ಮೀ. ಉಂಡೆಯಾಗಿರುವ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದ್ದರ ಫಲ ಇದು. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ನಡುವೆ ದಾರ ಬಿಗಿಯಾಗಿ ಹಿಡಿಯಿರಿ. ಅದು ಚೀನಾ, ಸೈಬೀರಿಯಾದ ಉತ್ತರ ತುದಿ, ಅಲಾಸ್ಕದ ಮೇಲೆ ಹಾಯುತ್ತದೆ. ಗಾಳಿ, ಹವಾಮಾನ, ವಾಯುಮಾರ್ಗದ ಅನುಮತಿ ನೋಡಿಕೊಂಡು ವಿಮಾನಗಳು ಈ ಗೆರೆಯಿಂದ ಆಚೀಚೆ ಸರಿಯುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಅದನ್ನು ಹಾರಿಸಿದವರೆಲ್ಲ ಮಹಿಳಾ ಪೈಲಟ್‌ಗಳು.

ಭೂಮಿ ತಿರುಗುವುದರಿಂದ ಲಾಭವಿಲ್ಲವೇ?

ಇಲ್ಲ. ಓಡುವ ರೈಲಿನಲ್ಲಿ ಕೂತು ನಾಣ್ಯ ಚಿಮ್ಮಿದರೆ ಅದು ಹಿಂದಿನ ಬೋಗಿಗೆ ಹೋಗುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಹಾಗೆಯೇ ಗಾಳಿ, ವಿಮಾನ ಎಲ್ಲವೂ ಭೂಮಿಯ ಜೊತೆಗೇ ತಿರುಗುತ್ತಿವೆ. ಭೂಮಿ ತಿರುಗುವುದು ಪೂರ್ವಕ್ಕೆ. ಮೆಸೇಜ್ ನಿಜವಾಗಿದ್ದರೆ ಪಶ್ಚಿಮಕ್ಕೆ ಹೋಗುವವರಿಗೆ ಊರೇ ಎದುರು ಬರಬೇಕಿತ್ತು. ಆದರೆ ಬೆಂಗಳೂರಿನಿಂದ ಲಂಡನ್‌ಗೆ ಹೋಗಲು ಸಾಮಾನ್ಯವಾಗಿ ವಾಪಸ್ ಬರುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಜೋರುಗಾಳಿ ಹೋಗುವಾಗ ಎದುರಾಗುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ.

ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಗಮನಿಸಿ

ಮಗಳ ಬಾಣಂತನಕ್ಕೆಂದು ಹೊರಟ ನಮ್ಮ ಸಂಬಂಧಿಕರೊಬ್ಬರು ಇಂಥದೇ ಲೆಕ್ಕ ನಂಬಿ, “ಸಂಜೆಯ ಇಂಜೆಕ್ಷನ್ ಅಲ್ಲೇ ಇಳಿದು ತಗೊಂಡರಾಯ್ತು” ಎಂದಿದ್ದರು. ನಡುವೆ ಇಡೀ ರಾತ್ರಿ ಕಳೆಯುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಹೊರಡುವ ಮೊದಲೇ ಡಾಕ್ಟರಿಗೆ ಟಿಕೆಟ್ ತೋರಿಸಿ, ಒಟ್ಟು ಪ್ರಯಾಣದ ಗಂಟೆಗಳನ್ನು ಹೇಳಿ, ಡೋಸ್ ಯಾವಾಗ ಎಂದು ಬರೆಸಿಕೊಳ್ಳಿ. ಒಟ್ಟು ಅವಧಿ ಟಿಕೆಟ್‌ನಲ್ಲೇ ಬೇರೆಯಾಗಿ ಮುದ್ರಿತವಾಗಿರುತ್ತದೆ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಲಗೇಜ್‌ಗೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಡಾಕ್ಟರ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ, ಸೆಕ್ಯುರಿಟಿ ತಪಾಸಣೆಯಲ್ಲಿ ಕೇಳಬಹುದು.